ಅರೆ ಉಪ್ಪಿನ ನೀರು

ಬದುಕೆಲ್ಲ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದವನನ್ನು ಬೀದಿಯವರು ಲೇತಣ್ಣ ಎಂದೇ ಕರೆಯುತ್ತಿದ್ದರು. ನಿವೃತ್ತನಾದ ಮೇಲೆ ಕೈಗೆ ಕೆಲಸವಿರಲಿಲ್ಲ, ಬಾಯಿಗೆ ಬಿಡುವಿರಲಿಲ್ಲ. ಮಗ ಲಾರಿ ಓಡಿಸುತ್ತ ಊರೂರು ಸುತ್ತುವವನು. ಹಾಗಾಗಿ ಮಾತೆಲ್ಲ ಸೊಸೆಯ ತಲೆಗೇ.

ಸೊಸೆ ಟೈಲರ್. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಪಕ್ಕದಲ್ಲೇ ಗಾಜಿನ ತೊಟ್ಟಿ, ಅದರಲ್ಲಿ ಮೂರು ಮೀನು. ಬೆಳ್ಳಿ ಮೈಗೆ ಕಪ್ಪು ಪಟ್ಟೆ. ಹುಳ ಕಂಡರೆ ಸಾಕು, ಬಾಯಿಂದ ನೀರು ಚಿಮ್ಮಿಸಿ ಬೀಳಿಸಿ ನುಂಗುವ ಜಾತಿ. ಹೊಳೆ ಕಡಲಿಗೆ ಸೇರುವ ಕಡೆಯವು. ಅರೆ ಉಪ್ಪಿನ ನೀರೇ ಬೇಕು, ಅದಕ್ಕೆಂದೇ ಡಬ್ಬಿಯಲ್ಲಿಟ್ಟ ಉಪ್ಪನ್ನು ಅವಳು ಅಳೆದು ಕದಡುತ್ತಿದ್ದಳು.

“ಊಟಕ್ಕೂ ಇಷ್ಟು ಅಳೆದು ಉಪ್ಪು ಹಾಕಲ್ವಲ್ಲಮ್ಮ ನೀನು!”

“ಮೀನಿಗೆ ಬಿಪಿ ಇಲ್ಲ ಮಾವ, ನಿಮಗಿದೆ.”

ಒಮ್ಮೆ ಅವಳ ತಾಯಿಗೆ ಆಪರೇಷನ್ ಆಯಿತು. ಹೊರಡುವ ಗಡಿಬಿಡಿಯಲ್ಲಿ, “ನೀರು ಇಳಿದ್ರೆ ಈ ಗೆರೆ ತನಕ ತುಂಬಿಸಿಬಿಡಿ ಮಾವ,” ಎಂದಷ್ಟೇ ಹೇಳಿ ಹೋದಳು.

ಸುಡುಬಿಸಿಲಿನ ದಿನಗಳು. ನೀರು ಬೇಗ ಬೇಗ ಇಳಿಯಿತು. ಉಪ್ಪುನೀರಿನ ಮೀನಿಗೆ ಸಪ್ಪೆ ನೀರು ಸುರಿಯುವುದುಂಟೆ ಎಂದುಕೊಂಡು ಲೇತಣ್ಣ ಪ್ರತಿ ಸಲವೂ ಅವಳ ಡಬ್ಬಿಯ ಉಪ್ಪು ಕದಡಿಯೇ ತುಂಬಿಸಿದ. ಒಂದು ಬೆಳಿಗ್ಗೆ ದೊಡ್ಡ ಮೀನು ಮಗುಚಿ ತೇಲುತ್ತಿತ್ತು. ಉಳಿದೆರಡು ಮೂಲೆ ಹಿಡಿದಿದ್ದವು.

ಲೇತಣ್ಣ ಸತ್ತ ಮೀನನ್ನು ಎತ್ತಿ ತೆಗೆದ. ಹೊರಗೆ ಹಾರಿ ಸತ್ತಿತು ಎಂದುಬಿಡಲೇ ಎಂಬ ಯೋಚನೆ ಬಂತು. ಆದರೆ ಉಳಿದವನ್ನು ಉಳಿಸುವುದು ಹೇಗೆಂದು ಅವಳಿಗಲ್ಲದೆ ಯಾರಿಗೆ ಗೊತ್ತು? ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದ.

ಎಷ್ಟು ಸಲ ಉಪ್ಪು ಹಾಕಿದ್ದೆಂದು ಅವಳು ಕೇಳಿ ತಿಳಿದುಕೊಂಡಳು. ಆಮೇಲೆ, “ನೀರು ಆರಿ ಹೋದ್ರೂ ಉಪ್ಪು ಅಲ್ಲೇ ಉಳಿಯುತ್ತೆ ಮಾವ. ಸಪ್ಪೆ ನೀರೇ ಸಾಕಿತ್ತು. ನಾನು ಬಿಡಿಸಿ ಹೇಳಬೇಕಿತ್ತು.”

“ಈಗ ಪೂರ್ತಿ ನೀರು ಬದಲಿಸಿಬಿಡ್ಲಾ?”

“ಅಯ್ಯೋ, ಬೇಡ! ಒಂದೇ ಸಲ ಬದಲಾದ್ರೆ ತಡ್ಕೊಳಲ್ಲ. ಒಂದು ಚೊಂಬು ತೆಗೀರಿ, ಒಂದು ಚೊಂಬು ಸಪ್ಪೆ ನೀರು ಹಾಕಿ. ಆಮೇಲೆ ಸುಮ್ನಿದ್ದು, ಸಂಜೆಗೆ ಇನ್ನೊಂದು.”

ನಿಧಾನದ ಕೆಲಸ ಲೇತಣ್ಣನಿಗೆ ಹೊಸದಲ್ಲ. ಕೂದಲೆಳೆಯಷ್ಟು ಹೆಚ್ಚು ಕಡೆದರೂ ಕೆಡುವ ಸಾಮಾನು ಮಾಡಿದವನು. ಕ್ಲೋರಿನ್ ಹೋಗಲೆಂದು ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಸ್ಟೂಲ್ ಎಳೆದುಕೊಂಡು ಕಾವಲು ಕೂತು, ಬೆಳಿಗ್ಗೆ ಸಂಜೆ ಒಂದೊಂದೇ ಚೊಂಬು ಬದಲಿಸಿದ. ಸೊಂಟ ಹಿಡಿದುಕೊಂಡಿತು. ಬೀದಿ ಹರಟೆಗೂ ಹೋಗಲಿಲ್ಲ. ಮೀನುಗಳು ಮೂಲೆ ಬಿಟ್ಟು ಮೇಲೆ ಬಂದಾಗ ಒಬ್ಬನೇ ಗಟ್ಟಿಯಾಗಿ ನಕ್ಕ.

ಸೊಸೆ ಬಂದವಳೇ ತೊಟ್ಟಿಯ ಮುಂದೆ ಕೂತಳು. ಹೆಬ್ಬೆರಳಿನುಗುರಿನಷ್ಟಿದ್ದಾಗಿನಿಂದ ಸಾಕಿದ ಮೀನು ಹೋಗಿತ್ತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಬೈದುಬಿಡಮ್ಮ. ಒಳಗಿಟ್ಕೋಬೇಡ,” ಎಂದ ಮಾವ.

“ಬೈಯೋಕೆ ಆಗ್ತಿಲ್ಲ. ಇವತ್ತೊಂದಿನ ಮಾತಾಡಿಸಬೇಡಿ.”

ಅವನು ಮಾತಾಡಿಸಲಿಲ್ಲ. ಮರುದಿನ ಅವಳೇ, “ಇವು ಬೆಳೆದಿವೆ ಮಾವ, ದೊಡ್ಡ ತೊಟ್ಟಿ ಬೇಕು. ಎಲ್ಲಿಡೋಣ?” ಎಂದು ಕೇಳಿದಳು.

ಲೇತಣ್ಣ ಕೋಣೆಯ ಸುತ್ತ ಕಣ್ಣಾಡಿಸಿದ. ಕಿಟಕಿ ಪಕ್ಕದಲ್ಲಿ ಅವನ ಮಂಚವಿತ್ತು.

“ನನ್ನ ಮಂಚಾನ ಒಳಗೆ ಹಾಕಿ ತೊಟ್ಟಿ ಇಲ್ಲಿಡು. ನನಗೇನು, ಎಲ್ಲಾದ್ರೂ ನಿದ್ದೆ ಬರುತ್ತೆ. ಸ್ಟ್ಯಾಂಡ್ ಮಾತ್ರ ನಾನೇ ಮಾಡ್ತೀನಿ, ಅಂಗಡೀದು ಬೇಡ.”