ಮೂರು ಮುಳುಗಿನ ದೃಶ್ಯ

ನಮ್ಮ ಶಿರವಾಡದ ಮನೆಯಲ್ಲಿ ಮಾತು ಕೊಂಕಣಿ, ಓದು ಕನ್ನಡ, ಸಂಜೆಯ ಧಾರಾವಾಹಿ ಮರಾಠಿ. ಕನ್ನಡ ವಾಹಿನಿಯವರು ಹೊಚ್ಚ ಹೊಸ ಕಥೆ ಎಂದು ತಿಂಗಳುಗಟ್ಟಲೆ ಜಾಹೀರಾತು ಹಾಕಿ ಶುರು ಮಾಡಿದ್ದನ್ನು ಆಯಿ, ನನ್ನ ತಾಯಿ, ಐದೇ ನಿಮಿಷ ನೋಡಿ, "ಹಾಂ, ಇವಳು ಮುಳುಗಿ ಸಾಯ್ತದೆ, ಆಮೇಲೆ ಇವಳ ತಂಗಿ ಬತ್ತದೆ" ಎಂದು ಹೇಳಿ ಮೀನು ತೊಳೆಯಲು ಎದ್ದುಹೋದಳು. ಮರಾಠಿಯಲ್ಲಿ ಅದನ್ನು ಎರಡು ಸಲ ಪೂರ್ತಿ ನೋಡಿದವಳು ಅವಳು. ಮರಾಠಿಯದೂ ಸ್ವಂತದ್ದಲ್ಲ, ಕೊರಿಯಾದ್ದು. ಅದನ್ನು ನಾನು ಮೊಬೈಲಿನಲ್ಲಿ ಹುಡುಕಿ ನೋಡಿದ್ದೆ. ಕೊರಿಯಾದಲ್ಲಿ ನಾಯಕಿ ಮಂಜುಗಟ್ಟಿದ ಹೊಳೆಗೆ ಬೀಳುತ್ತಾಳೆ. ಮರಾಠಿಯಲ್ಲಿ ದೇವಸ್ಥಾನದ ಕೆರೆಗೆ. ಎರಡರಲ್ಲೂ ಮೂರು ಸಲ ಮುಳುಗುತ್ತಾಳೆ, ಮೂರನೆಯದರಲ್ಲಿ ಮೇಲೆ ಬರುವುದಿಲ್ಲ.

ಕನ್ನಡದವರು ಅವಳಿಗೆ ಸಮುದ್ರ ಕೊಟ್ಟರು. ಅದೂ ನಮ್ಮ ಸಮುದ್ರ, ಭಾವಿಕೇರಿಯ ದಂಡೆ.

ನನಗೆ ಆ ತಂಡದಲ್ಲಿ ಸಣ್ಣದೊಂದು ಕೆಲಸ ಸಿಕ್ಕಿತ್ತು. ಕನ್ನಡ ಎಂ.ಎ. ಮಾಡಿ ಕಾರವಾರದಲ್ಲಿ ಪಾಠ ಹೇಳುತ್ತ ಕೂತವಳು ನಾನು. ಮರಾಠಿಯಿಂದ ಬಂದ ಸಂಭಾಷಣೆಯನ್ನು ಬೆಂಗಳೂರಿನಲ್ಲಿ ಯಾರೋ ಕನ್ನಡಕ್ಕೆ ಇಳಿಸಿ ಕಳಿಸುತ್ತಿದ್ದರು, ಅದನ್ನು ನಾನು ಈ ದಂಡೆಯ ಮಾತಿಗೆ ತಿರುಗಿಸಬೇಕು. ಮೊದಲ ಪುಟದಲ್ಲೇ ಮೀನು ಮಾರುವ ಹೆಂಗಸು "ಹೋಗೋಣ ಬಾರೇ ಕಣೇ" ಎನ್ನುತ್ತಿದ್ದಳು. ಅದನ್ನು ಓದಿ ತೋರಿಸಿದಾಗ ಭಾವಿಕೇರಿಯ ನನ್ನ ಮಾವಶಿ ಬುಟ್ಟಿ ಕೆಳಗಿಟ್ಟು ನಕ್ಕಳು. "ಕಣೇ ಅಂದ್ರೆ ನನ್ನ ಬಾಂಗಡೆ ಯಾರೂ ತಗಳೂದಿಲ್ಲ ಮಾರಾಯ್ತಿ. ಯಾವ ಊರವಳು ಇದು ಅಂತ ಮುಂದೆ ಹೋತರು."

ಮಾವಶಿ ಅಂದರೆ ಆಯಿಯ ತಂಗಿ. ಮೂವತ್ತು ವರ್ಷದಿಂದ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಾಳೆ. ಅವಳ ಗಂಡನದು ರಂಪಣಿ ಬಲೆ. ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ದಂಡೆಯಿಂದ ನಲವತ್ತು ಐವತ್ತು ಜನ ಎಳೆಯುವ ಬಲೆ ಅದು. ನಿರ್ದೇಶಕರಿಗೆ ಅದು ಹಿನ್ನೆಲೆಗೆ ಬೇಕಾಗಿತ್ತು. "ಬಲೆ ನೀರಿಗೆ ಬಿಡೋದು ಬೇಡ, ಹಗ್ಗ ಹಿಡಿದು ಎಳೆದ ಹಾಗೆ ಮಾಡಿ, ಸಾಕು" ಎಂದರು. ಮಾವಶಿಯ ಗಂಡ ತಲೆ ಆಡಿಸಿದ.

"ಸುಳ್ಳು ಎಳೂಕೆ ನಮಗೆ ಬರೂದಿಲ್ಲ ಸಾಹೇಬ್ರೇ. ಕೈ ನಾಚ್ಕಂತದೆ."

ಹಾಗಾಗಿ ಚಿತ್ರೀಕರಣದ ಮಧ್ಯಾಹ್ನ ನಿಜವಾದ ಬಲೆಯೇ ಸಮುದ್ರದಲ್ಲಿತ್ತು. ಆ ಮನುಷ್ಯ ನಾಚಿಕೆ ಬಿಟ್ಟು ಸುಳ್ಳು ಎಳೆದಿದ್ದರೆ ಎಂದು ಈಗಲೂ ಯೋಚಿಸುತ್ತೇನೆ.

ನಾಯಕಿ ಮೈಸೂರು ಕಡೆಯ ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಅದು ಅವಳ ಕೊನೆಯ ದೃಶ್ಯ. ಮುಳುಗಿದ ಮೇಲೆ ತಂಗಿಯ ಪಾತ್ರಕ್ಕೆ ಬೇರೆ ನಟಿ ಬರುವವಳಿದ್ದಳು. ಬೆಳಿಗ್ಗೆಯಿಂದ ಈ ಹುಡುಗಿ ನಮ್ಮ ಹೆಂಗಸರ ನಡುವೆ ಕೂತು ತಾರ್ಲೆ ಮೀನು ಹುರಿದದ್ದನ್ನು ಮುಳ್ಳು ಸಮೇತ ತಿಂದಳು. "ಈಜು ಬತ್ತದೇ ತಂಗೀ?" ಎಂದು ಮಾವಶಿ ಕೇಳಿದಳು. "ಬರತ್ತೆ, ಸ್ವಿಮ್ಮಿಂಗ್ ಪೂಲಲ್ಲಿ ಕಲಿತಿದ್ದೀನಿ" ಎಂದಳು ಹುಡುಗಿ. ಮಾವಶಿ ಇನ್ನೆರಡು ತಾರ್ಲೆ ಅವಳ ಎಲೆಗೆ ಹಾಕಿದಳು.

ಅಪಾಯವಾಗದಿರಲೆಂದು ಅವಳ ಸೊಂಟಕ್ಕೆ ಕಟ್ಟಿದ್ದ ತೆಳು ಹಗ್ಗ ಕ್ಯಾಮೆರಾದಲ್ಲಿ ಕಾಣುತ್ತದೆ ಎಂದು ಬಿಚ್ಚಿಸಿದರು. ಬಲೆಯ ಎರಡು ಹಗ್ಗಗಳ ನಡುವೆ ಎದೆಮಟ್ಟದ ನೀರು, ಮೂರು ಮುಳುಗು, ಮುಗಿಯಿತು. ದಂಡೆಯ ಜನರೆಲ್ಲ ಬಲೆ ಎಳೆಯುವುದನ್ನು ನಿಲ್ಲಿಸಿ, ಹಗ್ಗ ಕೈಯಲ್ಲೇ ಹಿಡಿದು, ಕಲ್ಲಿನ ಹಾಗೆ ನಿಂತು ನೋಡಬೇಕು. ಮೂರನೆಯದಾಗುವವರೆಗೆ ಯಾರೂ ಅಲ್ಲಾಡಬಾರದು. ಇದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವ ಕೆಲಸ ನನ್ನದು. ನಾನು ಚೆನ್ನಾಗಿಯೇ ಹೇಳಿದೆ.

ಹೇಳುವ ಅಗತ್ಯವೂ ಇರಲಿಲ್ಲ. ನಮ್ಮ ಹೆಂಗಸರಿಗೆ ಆ ದೃಶ್ಯ ಬಾಯಿಪಾಠ. ಮೊದಲ ಮುಳುಗಿಗೇ ಸೆರಗು ಮೂಗಿಗೆ ಹೋಯಿತು. "ಪಾಪ, ಇನ್ನು ಎರಡೇ" ಎಂದು ಒಬ್ಬಳು. "ಮರಾಠಿಯವಳು ಇದಕ್ಕಿಂತ ಚಂದ ಮುಳುಗಿದ್ಳು" ಎಂದು ಇನ್ನೊಬ್ಬಳು. ಎಲ್ಲರೂ ಖುಷಿಯಲ್ಲಿ ಅಳುತ್ತಿದ್ದರು.

ಎರಡನೆಯ ಮುಳುಗಿಗೆ ಹುಡುಗಿ ಕೈ ಮೇಲೆತ್ತಿದಳು. ಅದೂ ಮೂಲದಲ್ಲಿತ್ತು.

ಮಾವಶಿ ಹಗ್ಗದ ಸಾಲಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದಳು. "ಅವಳ ಕೂದಲು ನೋಡೇ" ಎಂದಳು, ಸಣ್ಣ ದನಿಯಲ್ಲಿ. "ಆಗ ಮುಖದ ಮೇಲೆ ಬತ್ತಿತ್ತು. ಈಗ ಸಮುದ್ರದ ಬದಿಗೆ ಹೋತದೆ. ನೀರು ತಿರುಗ್ತು."

ನಾನು ಹೇಳಿದ್ದು ಇದು: "ಮಾವಶಿ, ಸುಮ್ನಿರು. ಮೂರನೇದು ಇನ್ನೂ ಆಗಲಿಲ್ಲ."

ಎಷ್ಟು ಸಲ ಈ ವಾಕ್ಯ ತಲೆಯಲ್ಲಿ ಓಡಿದೆಯೋ ಗೊತ್ತಿಲ್ಲ. ಬಸ್ಸಿನಲ್ಲಿ, ಪಾಠದ ಮಧ್ಯದಲ್ಲಿ, ಅಕ್ಕಿ ತೊಳೆಯುವಾಗ ಅದು ಬರುತ್ತದೆ. ಅದನ್ನು ಹೇಳಲು ಎರಡು ಸೆಕೆಂಡು ಬೇಕು. ಆ ಎರಡು ಸೆಕೆಂಡಿನಲ್ಲಿ ಹುಡುಗಿ ಎರಡು ಮಾರು ದೂರ ಹೋಗಿದ್ದಳು. ಅವಳ ಬಾಯಿ ತೆರೆದಿದ್ದು ನನಗೆ ಕಂಡಿತ್ತು, ಅದನ್ನು ನಾನು ಒಳ್ಳೆಯ ಅಭಿನಯ ಎಂದುಕೊಂಡೆ.

ಮಾವಶಿ ನನ್ನನ್ನು ಮೊಣಕೈಯಿಂದ ಬದಿಗೆ ತಳ್ಳಿದಳು. "ಬಡಗಣ ಬದಿಯವರು ಎಳೀರೋ! ನೀವಲ್ಲ, ಅವರು! ಬಿರ್ರನೆ ಎಳೀರಿ!"

"ಯಾರೂ ಅಲ್ಲಾಡಬೇಡಿ!" ಎಂದು ನಿರ್ದೇಶಕರು ಮೈಕಿನಲ್ಲಿ ಕೂಗಿದರು.

ಆದರೆ ರಂಪಣಿಯ ಜನ ಹಗ್ಗದ ಕೂಗಿಗೆ ಅಲ್ಲಾಡುತ್ತಾರೆ, ಮೈಕಿಗಲ್ಲ. ಬಡಗಣ ಬದಿಯ ಇಪ್ಪತ್ತೈದು ಜನ ಹಗ್ಗ ಹೆಗಲಿಗೆ ಹಾಕಿ ಹಿಂದಕ್ಕೆ ಓಡಿದರು. ತೆಂಕಣ ಬದಿಯವರು ಹಿಮ್ಮಡಿ ಮರಳಿಗೆ ಊರಿ ಗಟ್ಟಿ ಹಿಡಿದರು. ಬಲೆಯ ಬೆಂಡುಗಳ ಸಾಲು ನೀರಿನ ಮೇಲೆ ಬಾಗಿ, ಹುಡುಗಿಯ ಹೊರಬದಿಗೆ ಗೋಡೆಯ ಹಾಗೆ ಬಂದು ನಿಂತಿತು. ಸೆಳವು ಅವಳನ್ನು ತಂದು ಆ ಗೋಡೆಗೇ ಒಗೆಯಿತು. ಅವಳ ತಲೆ ಕಾಣಲಿಲ್ಲ. ನಾನು ಎಣಿಸುತ್ತಿದ್ದೆ, ಯಾಕೆಂದು ಗೊತ್ತಿಲ್ಲ. ಏಳಕ್ಕೆ ಒಂದು ಕೈ ಬೆಂಡು ಹಿಡಿಯಿತು. ಒಂಬತ್ತಕ್ಕೆ ಮುಖ.

"ಈಗ ಎರಡೂ ಬದಿ!" ಎಂದಳು ಮಾವಶಿ.

ಆಮೇಲೆ ದಂಡೆಯಲ್ಲಿ ಹಗ್ಗ ಹಿಡಿಯದವರು ಯಾರೂ ಉಳಿಯಲಿಲ್ಲ. ಮೇಕಪ್ಪಿನ ಹೆಂಗಸು, ದೀಪದವರು, ಊಟ ಬಡಿಸುವವರು, ಎಲ್ಲರೂ ಬಂದರು. ನಾಯಕ ಬಿಳಿ ಅಂಗಿಯಲ್ಲಿ ನನ್ನ ಮುಂದೆಯೇ ನಿಂತು, ಎಲ್ಲರೂ ಎಳೆಯುವಾಗ ಬಿಟ್ಟು, ಬಿಡುವಾಗ ಎಳೆಯುತ್ತಿದ್ದ.

"ಹೀರೋ, ಹಾಡಿಗೆ ಕುಣಿದ ಹಾಗೆ ಅಲ್ಲ ರೇ! ಸೊಂಟ ಹಾಕು!" ಎಂದು ಹಿಂದಿನಿಂದ ಒಬ್ಬಳು.

"ಹೆಂಡತಿ ಬಲೆಯಲ್ಲಿ ಅದೆ, ಇಂವಾ ಅಂಗಿ ನೋಡ್ಕಂತಾ ಅದಾನೆ!" ಎಂದು ಇನ್ನೊಬ್ಬಳು.

ಅವನೂ ಅಳುತ್ತಿದ್ದ, ನಗುತ್ತಿದ್ದ, ಅಂಗೈ ಕಿತ್ತು ರಕ್ತ ಬರುತ್ತಿತ್ತು.

ಹುಡುಗಿ ಬಾಂಗಡೆಗಳ ನಡುವೆ ಬಂದಳು. ಕೂದಲ ತುಂಬ ಪಾಚಿ, ಸೀರೆಯ ನೆರಿಗೆಯಲ್ಲಿ ಎರಡು ಮೀನು ಪಟಪಟ. ಮಾವಶಿ ಅವಳನ್ನು ಬೋರಲು ಹಾಕಿ ಬೆನ್ನಿಗೆ ಗುದ್ದಿದಳು. ಅವಳು ವಾಂತಿ ಮಾಡಿದಳು, ಕೆಮ್ಮಿದಳು. ಆಮೇಲೆ ತಲೆ ಎತ್ತಿ ಹೇಳಿದ ಮೊದಲ ಮಾತು: "ಟೇಕ್ ಓಕೆನಾ?"

ಇಡೀ ದಂಡೆ ಹೋ ಎಂದಿತು. ನಾನು ಅವಳ ಕೂದಲಿನ ಪಾಚಿ ಬಿಡಿಸತೊಡಗಿದೆ.

ನಮ್ಮಲ್ಲಿ ಒಂದು ರೂಢಿಯಿದೆ. ಬಲೆ ದಂಡೆಗೆ ಬಂದ ಮೇಲೆ ಹಗ್ಗಕ್ಕೆ ಕೈ ಹಾಕಿದ ಪ್ರತಿಯೊಬ್ಬರಿಗೂ ಪಾಲು. ಊರವನೋ ಪರವೂರವನೋ, ಕೇಳುವುದಿಲ್ಲ. ಮಾವಶಿಯ ಗಂಡ ಮರಳಿನ ಮೇಲೆ ಬಾಂಗಡೆಯ ಸಣ್ಣ ಸಣ್ಣ ರಾಶಿ ಹಾಕುತ್ತ ಹೋದ. ನಾಯಕನಿಗೊಂದು, ಮೇಕಪ್ಪಿನವಳಿಗೊಂದು. ಆಸ್ಪತ್ರೆಗೆ ಹೋಗಲು ಕಾರು ಹತ್ತಿದ ಹುಡುಗಿಯ ಮಡಿಲಿಗೂ ಒಂದು. ನಿರ್ದೇಶಕರು ಮೈಕು ಬಿಟ್ಟು ಕೊನೆಗೆ ಬಂದು ಹಗ್ಗ ಹಿಡಿದಿದ್ದರು, ಅವರಿಗೂ ಸಿಕ್ಕಿತು. ಅವರು ಎರಡೂ ಕೈಯಲ್ಲಿ ಮೀನು ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು.

ಮಾವಶಿ ಅವರ ಎದುರು ಬಂದು ಕೇಳಿದಳು, "ಈಗ ಇವಳ ಕಥೆ ಎಂತಾ?"

"ಆ ಪಾತ್ರ ಮುಗೀತಮ್ಮ. ಮುಳುಗಿ ಸಾಯೋದೇ ಕಥೆ."

"ಅದೆಂತಾ ಮುಗಿಯೂದು? ಬಲೆಯಲ್ಲಿ ಬಂದದ್ದು ಹಗ್ಗ ಹಿಡಿದವರದ್ದು. ಎಪ್ಪತ್ತು ಜನ ಎಳೆದೇವೆ. ನಮ್ಮ ಪಾಲು ನೀವು ಮತ್ತೆ ನೀರಿಗೆ ಹಾಕೂಕೆ ಆಗೂದಿಲ್ಲ."

"ವಾಹಿನಿಯವರು ಕಥೆ ಕೊಂಡಿದ್ದಾರೆ. ಮರಾಠಿಯಲ್ಲೂ ಸತ್ತಿದ್ದಾಳೆ, ಕೊರಿಯಾದಲ್ಲೂ ಸತ್ತಿದ್ದಾಳೆ."

"ಅಲ್ಲಿ ಎಳೂಕೆ ಜನ ಇರಲಿಲ್ಲ" ಎಂದಳು ಮಾವಶಿ.

ನಿರ್ದೇಶಕರು ಮೀನು ಕೆಳಗಿಟ್ಟು ಕ್ಯಾಮೆರಾದವನ ಹತ್ತಿರ ಹೋದರು. ಅವನು ಗಾಬರಿಯಲ್ಲಿ ಕ್ಯಾಮೆರಾ ನಿಲ್ಲಿಸುವುದನ್ನೇ ಮರೆತು ಹಗ್ಗಕ್ಕೆ ಓಡಿದ್ದ. ಎಲ್ಲವೂ ದಾಖಲಾಗಿತ್ತು: ಬಾಗಿದ ಬೆಂಡುಸಾಲು, ಓಡುವ ಜನ, ಮೀನಿನ ನಡುವೆ ಬಂದ ಹುಡುಗಿ. ಅದನ್ನು ಎರಡು ಸಲ ನೋಡಿ ಅವರು ಫೋನ್ ತೆಗೆದರು. ಮಾವಶಿ ಎರಡು ಮಾರು ದೂರದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತೇ ಇದ್ದಳು.

ವಾಹಿನಿಯವರನ್ನು ಒಪ್ಪಿಸಲು ಹದಿನೈದು ದಿನ ಬೇಕಾಯಿತಂತೆ. ತಂಗಿಯ ಪಾತ್ರ ಬರಲೇ ಇಲ್ಲ. ಆ ಕಂತು ಬಂದ ಸಂಜೆ ನಾನು ಮಾವಶಿಯ ಮನೆಯಲ್ಲಿದ್ದೆ. ಓಣಿಯ ಜನವೆಲ್ಲ ಅಲ್ಲೇ ಇತ್ತು. ಬದುಕುತ್ತಾಳೆಂದು ಗೊತ್ತಿದ್ದೂ ಎರಡನೆಯ ಮುಳುಗಿಗೆ ನಾನು ಎದ್ದು ನಿಂತೆ. "ಎಳೀರಿ" ಎಂದು ಕೂಗಿದ್ದೆನಂತೆ, ನನಗೆ ನೆನಪಿಲ್ಲ. ಯಾರೂ ನಗಲಿಲ್ಲ. ಮಾವಶಿ ನನ್ನ ಕೈ ಹಿಡಿದು ಕೂರಿಸಿ, ಆ ದೃಶ್ಯ ಮುಗಿಯುವವರೆಗೂ ಬಿಡಲಿಲ್ಲ.

ಹುಡುಗಿ ಧಾರಾವಾಹಿಯಲ್ಲಿ ಈಗಲೂ ಇದ್ದಾಳೆ, ತಿಂಗಳಿಗೊಮ್ಮೆ ಮಾವಶಿಗೆ ಫೋನ್ ಮಾಡುತ್ತಾಳೆ. ಮೂಲದಲ್ಲಿ ಇಲ್ಲದ ಕಥೆಯಾದ್ದರಿಂದ ಮುಂದೇನೆಂದು ಆಯಿಗೂ ಗೊತ್ತಿಲ್ಲ, ಹಾಗಾಗಿ ಮೀನು ತೊಳೆಯುವುದು ಬಿಟ್ಟು ಕೂತು ನೋಡುತ್ತಾಳೆ. ಕಥೆಯವರಿಗೂ ಗೊತ್ತಿದ್ದ ಹಾಗಿಲ್ಲ. ಕಳೆದ ವಾರ ಧಾರಾವಾಹಿಯ ಅತ್ತೆ ಅವಳನ್ನು ಮನೆಯಿಂದ ಹೊರಗೆ ಹಾಕಿದಳು. ಮರುದಿನ ಹುಡುಗಿಯ ಫೋನ್ ಬಂದಾಗ ಮಾವಶಿ ಅಂಕೋಲೆ ಪೇಟೆಯ ನಡುವೆ ನಿಂತೇ ಕೂಗಾಡಿದಳು.

"ಅಷ್ಟು ಜನ ಎಳೆದು ತಂದದ್ದು ಇದಕ್ಕಾ? ತಿರುಗಿ ಬಯ್ಯೂಕೆ ನಿನಗೆ ಬಾಯಿಲ್ವಾ? ಆ ನಿರ್ದೇಶಕನಿಗೆ ಫೋನ್ ಕೊಡು!"