ಐದಕ್ಕೆ ಐದೂ ತಪ್ಪು

ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಲಿಫ್ಟ್ ನಡೆಸಿದ ಅವನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಕಬ್ಬಿಣದ ಜಾಲರಿ ಬಾಗಿಲನ್ನು ಸದ್ದಾಗದಂತೆ ಎಳೆಯುವುದು, ಸ್ಟ್ರೆಚರ್ ಬಂದರೆ ತನ್ನ ಸ್ಟೂಲನ್ನು ಮೂಲೆಗೆ ಒತ್ತಿ ಗೋಡೆಗೆ ಅಂಟಿಕೊಳ್ಳುವುದು, ಅಳುವವರಿದ್ದರೆ ಬೆನ್ನು ತಿರುಗಿಸಿ ನಿಲ್ಲುವುದು, ಇದೆಲ್ಲ ಅವನಿಗೆ ಕರತಲಾಮಲಕವಾಗಿತ್ತು. ಬಾರದಿದ್ದದ್ದು ಇಂಗ್ಲಿಷ್ ಒಂದೇ. ಅದರ ಅಗತ್ಯವೂ ಬಿದ್ದಿರಲಿಲ್ಲ.

ಒಂದು ದಿನ ಕಚೇರಿಯ ಸೂಚನಾಫಲಕದಲ್ಲಿ ಒಂದು ಹಾಳೆ ಕಂಡಿತು. ಹಳೆಯ ಎರಡೂ ಲಿಫ್ಟುಗಳ ಜಾಗದಲ್ಲಿ ತಾವೇ ನಡೆಯುವ ಲಿಫ್ಟುಗಳು ಬರುತ್ತವೆ. ಇಬ್ಬರು ಲಿಫ್ಟ್‌ಮನ್‌ಗಳಲ್ಲಿ ಒಬ್ಬನಿಗೆ ಮುಂಬಾಗಿಲಿನ ವಿಚಾರಣೆ ಮೇಜು, ಇನ್ನೊಬ್ಬನಿಗೆ ನೆಲಮಾಳಿಗೆಯ ಬಟ್ಟೆ ಉಗ್ರಾಣ. ಯಾರಿಗೆ ಯಾವುದು ಎಂಬುದನ್ನು ಇಂಗ್ಲಿಷ್ ಪರೀಕ್ಷೆ ತೀರ್ಮಾನಿಸುತ್ತದೆ: ಕೇಳಿ ಅರ್ಥಮಾಡಿಕೊಳ್ಳುವುದಕ್ಕೆ ಹತ್ತು ಅಂಕ, ಓದಿ ಅರ್ಥಮಾಡಿಕೊಳ್ಳುವುದಕ್ಕೆ ಹತ್ತು. ಎರಡರಲ್ಲೂ ಆರು ಬಂದರೆ ಪಾಸು.

ನೆಲಮಾಳಿಗೆಗೆ ಒಂದು ಕಿಟಕಿಯೂ ಇರಲಿಲ್ಲ. ಬಟ್ಟೆ ಕುದಿಸುವ ಹಂಡೆಗಳ ಹಬೆ, ಬಿಳುಪು ಮಾಡುವ ಪುಡಿಯ ಘಾಟು. ಲಿಫ್ಟಣ್ಣನಿಗೆ ಉಬ್ಬಸ. ಅಲ್ಲಿ ಐದು ನಿಮಿಷ ನಿಂತರೆ ಎದೆ ಸೀಟಿ ಹೊಡೆಯುತ್ತಿತ್ತು.

ಇನ್ನೊಂದು ಲಿಫ್ಟಿನವನಿಗೆ ಗಡಿಯಾರ ಎಂದು ಅಡ್ಡಹೆಸರು. ಪಾಳಿ ಮುಗಿಯುವ ನಿಮಿಷಕ್ಕೆ ಸರಿಯಾಗಿ, ಎರಡು ಮಹಡಿಗಳ ನಡುವೆ ಇದ್ದರೂ ಅಂಗಿಯ ಗುಂಡಿ ಬಿಚ್ಚಲು ಶುರುಮಾಡುವ ಆಸಾಮಿ.

“ಏನಯ್ಯ, ಈ ವಯಸ್ಸಲ್ಲಿ ಅಕ್ಷರಾಭ್ಯಾಸವಾ?” ಎಂದು ಅವನು ನಕ್ಕ.

“ನೀನು ಓದಲ್ವೇನೋ?”

“ಬರೋದು ಬಂದೇ ಬರತ್ತೆ. ತಲೆ ಯಾಕೆ ಕೆಡಿಸ್ಕೊಳ್ಳೋದು?”

ಲಿಫ್ಟಣ್ಣ ತಲೆ ಕೆಡಿಸಿಕೊಂಡ. ಕಾಲೇಜಿಗೆ ಹೋಗುವ ಮಗಳು ಮುಂಜಾನೆ ತನ್ನ ಜಡೆ ಹೆಣೆದುಕೊಳ್ಳುತ್ತಲೇ ಅಪ್ಪನಿಗೆ ಪಾಠ ಓದಿ ಹೇಳುತ್ತಿದ್ದಳು. ಅವನು ಗಡ್ಡ ಹೆರೆದುಕೊಳ್ಳುತ್ತ ಉತ್ತರ ಕೊಡುತ್ತಿದ್ದ. ರಾತ್ರಿ ಅದೇ ಪಾಠವನ್ನು ಅಕ್ಷರ ಕೂಡಿಸಿ ತಾನೇ ಓದುತ್ತಿದ್ದ. ಮೀನು ಹಿಡಿಯುವವನ ಕಥೆ, ದೀಪಸ್ತಂಭ ಕಾಯುವ ಮುದುಕನ ಕಥೆ. ಮೊದಲ ತಿಂಗಳು ಬರೀ ಗಲ್ಲ ಗಾಯವಾಯಿತು. ಮೂರನೆಯ ತಿಂಗಳಿಗೆ ಮೀನುಗಾರ ದೋಣಿಯನ್ನು ಏಕೆ ಮಾರಿದ ಎಂಬುದು ಅವನಿಗೆ ಒಂದೇ ಸಲಕ್ಕೆ ತಿಳಿಯಿತು.

ಲಿಫ್ಟಿನೊಳಗೂ ಅಭ್ಯಾಸ ಬಿಡಲಿಲ್ಲ. ಡಾಕ್ಟರುಗಳ ಮಾತಿಗೆ ಕಿವಿಗೊಟ್ಟು ನಿಂತು, ಹಿಡಿಕೆ ತಿರುಗಿಸುವುದನ್ನೇ ಮರೆಯುತ್ತಿದ್ದ.

“ಲಿಫ್ಟಣ್ಣಾ, ಮೂರನೇ ಮಹಡಿ ದಾಟ್ತು! ಎಲ್ಲಿಗೆ ಕರ್ಕೊಂಡು ಹೋಗ್ತಿದೀಯಾ, ಆಕಾಶಕ್ಕಾ?” ಎಂದು ದೊಡ್ಡ ನರ್ಸಮ್ಮ ಗದರಿದರು.

“ಅವ್ರು ಮಾತು ಮುಗಿಸ್ಲಿ ಅಂತ ಕಾಯ್ತಿದ್ದೆ ಅಕ್ಕ.”

ಪರೀಕ್ಷೆ ಊಟದ ಕೋಣೆಯಲ್ಲಿ ನಡೆಯಿತು. ಎಲ್ಲವೂ ಸರಿ ಅಥವಾ ತಪ್ಪು ಎಂದು ಗುರುತು ಹಾಕುವ ಪ್ರಶ್ನೆಗಳು. ಸ್ಪೀಕರ್ ಪೆಟ್ಟಿಗೆಯಿಂದ ಬಂದ ಹೆಂಗಸಿನ ದನಿ ನೀರು ಕುಡಿದಷ್ಟು ಸಲೀಸಾಗಿ ಅವನ ಕಿವಿಗಿಳಿಯಿತು. ಓದುವ ಭಾಗದ ಮೊದಲ ಪಾಠವೂ ಹಾಗೆಯೇ. ಎರಡನೆಯ ಪಾಠ ನೋಡಿ ಅವನ ಮುಖ ಅರಳಿತು. ಅದು ಅವರದೇ ಆಸ್ಪತ್ರೆಯ ವಿಷಯ! ಬಂದವರನ್ನು ಯಾರೂ ಕಾಯಿಸುವುದಿಲ್ಲ. ಎಲ್ಲರಿಗೂ ಅವರವರ ಭಾಷೆಯಲ್ಲಿ ದಾರಿ ಹೇಳಲಾಗುತ್ತದೆ. ಕುಡಿಯುವ ನೀರು ಎಲ್ಲ ಮಹಡಿಗಳಲ್ಲೂ ಉಂಟು. ಹೀಗೆ ಐದು ಮಾತು. ಕೆಳಗೆ ಅವೇ ಐದು ಪ್ರಶ್ನೆಗಳು.

ಲಿಫ್ಟಣ್ಣ ಪೆನ್ನು ಕಚ್ಚಿ ಕುಳಿತ. ಮೀನುಗಾರನನ್ನು ಅವನು ಕಂಡವನಲ್ಲ. ಪಾಠ ಹೇಳಿದ್ದನ್ನು ನಂಬಿದ್ದ. ಇದು ಹಾಗಲ್ಲ. ವಾರದ ಹಿಂದೆಯಷ್ಟೇ ಒಬ್ಬ ಮುದುಕಿ ಎಕ್ಸ್‌ರೇ ಕೋಣೆ ಹುಡುಕುತ್ತ ಅವನ ಲಿಫ್ಟಿನಲ್ಲಿ ನಾಲ್ಕು ಸಲ ಮೇಲೆ ಕೆಳಗೆ ಓಡಾಡಿದ್ದಳು. ನೀರಿನ ನಲ್ಲಿ ಎರಡನೆಯ ಮಹಡಿಯಿಂದ ಮೇಲಕ್ಕೆ ಎಲ್ಲೂ ಇರಲಿಲ್ಲ. ಪ್ರಶ್ನೆಪತ್ರಿಕೆ ಬರೆದವರೂ ಇದೇ ಆಸ್ಪತ್ರೆಯವರಲ್ಲವೆ? ಮೇಜಿನ ಮುಂದೆ ಕೂರುವವನಿಗೆ ಇಲ್ಲಿಯ ಸ್ಥಿತಿ ಗೊತ್ತೇ ಎಂದು ಅವರು ಪರೀಕ್ಷಿಸುತ್ತಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು. ಐದಕ್ಕೂ ತಪ್ಪು ಎಂದು ಗುರುತು ಹಾಕಿ, ಹಗುರವಾಗಿ ಎದ್ದು ಬಂದ.

ಫಲಿತಾಂಶ ಬಂತು. ಕೇಳುವುದರಲ್ಲಿ ಹತ್ತಕ್ಕೆ ಒಂಬತ್ತು. ಓದುವುದರಲ್ಲಿ ಐದು. ಗಡಿಯಾರ ಪಾಸಾಗಿದ್ದ.

“ನೀನು ಹೇಗೋ ಬರೆದೆ?”

“ಓದಿದ್ರೆ ತಾನೇ ಹೆದರಿಕೆ! ಎಲ್ಲದಕ್ಕೂ ಸರಿ, ಸರಿ, ಸರಿ ಅಂತ ಎಳೆದ್ಬಿಟ್ಟೆ. ಕೇಳೋದ್ರಲ್ಲಿ ಆರು, ಓದೋದ್ರಲ್ಲಿ ಏಳು ಬಂತು.”

ಲಿಫ್ಟಣ್ಣ ಕಚೇರಿಗೆ ಹೋಗಿ ಉತ್ತರಪತ್ರಿಕೆ ಕೇಳಿದ. ಗುಮಾಸ್ತರು ಅದನ್ನು ಮುಂದಿಟ್ಟು, “ಎರಡನೇ ಪಾಠ ನಿನಗೆ ಅರ್ಥವೇ ಆಗಿಲ್ಲ ನೋಡಪ್ಪ” ಎಂದರು.

ಅವನು ನಿಂತಲ್ಲೇ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿ ಓದಿದ. ಆಮೇಲೆ ಒಂದೊಂದು ಸಾಲಿನ ಅರ್ಥವನ್ನೂ ಕನ್ನಡದಲ್ಲಿ ಹೇಳಿದ. ಎಲ್ಲಿಯೂ ತಡವರಿಸಲಿಲ್ಲ.

ಗುಮಾಸ್ತರು ಕನ್ನಡಕ ತೆಗೆದರು. “ಇಷ್ಟು ಗೊತ್ತಿದ್ದೂ ತಪ್ಪು ಅಂತ ಯಾಕೆ ಹಾಕಿದೆ ಮಹರಾಯ?”

“ಅದು ತಪ್ಪಲ್ವಾ ಸಾರ್?”

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ತಪ್ಪೇ. ಆದ್ರೆ ಪಾಠದಲ್ಲಿ ಸರಿ ಅಂತಿದೆ. ಹೋಗು, ನನ್ನ ಕೈಯಲ್ಲಿ ಏನೂ ಇಲ್ಲ.”

ಮನೆಯಲ್ಲಿ ಮಗಳು ತಲೆ ತಗ್ಗಿಸಿದಳು. ತಾನೇ ಸರಿಯಾಗಿ ಹೇಳಿಕೊಡಲಿಲ್ಲವೇನೋ ಎಂದು ಅವಳ ಕೊರಗು. ಹೆಂಡತಿ ಮಾತ್ರ ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ ಹೇಳಿದಳು: “ಕನ್ನಡದಲ್ಲೇ ಹೂಂಗುಟ್ಟೋಕೆ ಬರ್ದೇ ಇದ್ದೋರು ಇಂಗ್ಲಿಷಲ್ಲಿ ಹೇಗೆ ಹೂಂಗುಟ್ತೀರಿ?” ಆಮೇಲೆ ಯಂತ್ರ ಬಹಳ ಹೊತ್ತು ನಿಲ್ಲಲಿಲ್ಲ.

ಸೋಮವಾರದಿಂದ ಲಿಫ್ಟಣ್ಣ ನೆಲಮಾಳಿಗೆಯಲ್ಲಿ ಹಾಸಿಗೆ ಹೊದಿಕೆಗಳನ್ನು ಎಣಿಸತೊಡಗಿದ. ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡರೂ ಎದೆಯ ಸೀಟಿ ನಿಲ್ಲಲಿಲ್ಲ. ಹದಿನೈದು ದಿನ ಕಳೆದಿರಬೇಕು. ಹೊಸ ಲಿಫ್ಟಿನ ಬಾಗಿಲು ತಾನಾಗಿ ತೆರೆದು, ಎಳೆಗೂಸನ್ನು ಎತ್ತಿಕೊಂಡ ಒಬ್ಬ ಹೆಂಗಸು ಹೊರಬಂದಳು. ಕೈಯಲ್ಲಿ ಇಂಗ್ಲಿಷಿನ ಚೀಟಿ.

“ಮೇಜಿನಲ್ಲಿರೋ ಅಣ್ಣ ಕಳಿಸಿದ್ರು. ಕೆಳಗೊಬ್ಬನಿದಾನೆ, ಅವನಿಗೆ ಅರ್ಥವಾಗತ್ತೆ, ಹೋಗಿ ಕೇಳು ಅಂದ್ರು.”

ಅವಳ ಹಿಂದೆ ಇನ್ನೂ ಇಬ್ಬರು ಚೀಟಿ ಹಿಡಿದು ನಿಂತಿದ್ದರು. ಲಿಫ್ಟಣ್ಣ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಮೊದಲ ಚೀಟಿ ತೆಗೆದುಕೊಂಡ. ಕೆಮ್ಮು ನಿಲ್ಲುವವರೆಗೆ ಆ ಹೆಂಗಸು ಕಾಯಬೇಕಾಯಿತು.