ನಾಲ್ಕು ತಾಲೂಕಿಗೆ ಒಂದೇ ನಮೂನೆ

ಎಂಬತ್ತರ ದಶಕದ ಕೊನೆಯಲ್ಲಿ ಕೊಪ್ಪಳದ ಕುಡಿಯುವ ನೀರಿನ ಕಚೇರಿಯೊಂದರಲ್ಲಿ ನಾನು ತಾತ್ಕಾಲಿಕ ಬೆರಳಚ್ಚುಗಾರ್ತಿಯಾಗಿ ಸೇವೆಯಲ್ಲಿದ್ದೆನೆಂಬುದನ್ನು ಮೊದಲಿಗೆ ನಿವೇದಿಸುತ್ತೇನೆ. ಸದರಿ ಕಚೇರಿಗೆ ಒಂದು ಕಂಪ್ಯೂಟರನ್ನು ಪರೀಕ್ಷಾರ್ಥವಾಗಿ ಕಳುಹಿಸಲಾಗಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ಕೆಟ್ಟು ನಿಂತ ಕೈಪಂಪುಗಳ ವರದಿಯನ್ನು ಮುಂದಿನ ಸಭೆಗೆ ಅದರಲ್ಲಿಯೇ ತಯಾರಿಸಬೇಕು, ಆಗದಿದ್ದಲ್ಲಿ ಯಂತ್ರ ವಾಪಸು ಹೋಗತಕ್ಕದ್ದು ಎಂದು ಇಂಜಿನಿಯರ್ ಸಾಹೇಬರು ತಿಳಿಸಿದ್ದರು. ಯಂತ್ರದ ಹಿಂದೆಯೇ ನನ್ನ ಕೆಲಸವೂ ಹೋಗತಕ್ಕದ್ದೆಂದು ಯಾರೂ ಬರೆದು ತಿಳಿಸುವ ಅಗತ್ಯವಿರಲಿಲ್ಲ.

ಪ್ರತಿ ತಾಲೂಕಿನ ಮಾಹಿತಿಯನ್ನು ಬೇರೆ ಬೇರೆ ಡೇಟಾಬೇಸ್ ಫೈಲಿನಲ್ಲಿ ತುಂಬಿದೆ. ವರದಿಯ ನಮೂನೆಯನ್ನು, ಅಂದರೆ ತಲೆಬರಹ, ಕಾಲಮ್ಮುಗಳ ಅಗಲ, ಕೊನೆಯ ಒಟ್ಟು ಇವನ್ನೆಲ್ಲ, ಕೊಪ್ಪಳದ ಫೈಲಿಗೆಂದು ಒಮ್ಮೆ ಮಾತ್ರ ರಚಿಸಿದ್ದೆ. ಫೈಲು ಬದಲಿಸಿ ಅದೇ ನಮೂನೆಯನ್ನು ಕರೆದಾಗ ಕುಷ್ಟಗಿಯ ಊರುಗಳು ಅದೇ ಚೌಕಟ್ಟಿನಲ್ಲಿ ಬಂದು ಕುಳಿತವು. ಯಲಬುರ್ಗಾದವೂ ಕುಳಿತವು. ಅಂದಿನ ಸಂತೋಷವನ್ನು ಯಾವ ರೀತಿಯಲ್ಲಿ ಬರೆಯಬೇಕೋ ನನಗೆ ತಿಳಿಯದು.

ಗಂಗಾವತಿಯ ಹಾಳೆಗಳನ್ನು ಅಲ್ಲಿಂದ ಬಂದಿದ್ದ ಗುಮಾಸ್ತರ ಕೈಗೆ ಕೊಟ್ಟೆ. ಅವರು ಮೇಲಿಂದ ಕೆಳಗೆ ಬೆರಳಾಡಿಸಿದರು.

“ಕಾಲುವಿ ಮ್ಯಾಲಿನ ಕ್ಯಾಂಪಿನ ಮಂದಿ ಎಲ್ಲಿ ಹೋದ್ರು ತಂಗಿ? ನಿನ್ನ ಮಷಿನ್ ನುಂಗೇತೇನು?”

ತೆಲುಗು ಮಾತಾಡುವ ರೈತರು ಕಾಲುವೆಯ ಉದ್ದಕ್ಕೂ ಕಟ್ಟಿಕೊಂಡಿದ್ದ ಆ ಕ್ಯಾಂಪುಗಳಿಗೆ ಕೊಪ್ಪಳದ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಅವುಗಳ ಪಂಪುಗಳನ್ನು ನಾನು ಹತ್ತಿರದ ಹಳ್ಳಿಯ ಹೆಸರಿಗೇ ತುಂಬಿದ್ದೆ. ದುರಸ್ತಿಯವರು ಹಳ್ಳಿಗೆ ಹೋಗಿ, ಕ್ಯಾಂಪನ್ನು ನೋಡದೆಯೇ ತಿರುಗಿ ಬರುವ ಸಂಭವವಿತ್ತು.

ಗಂಗಾವತಿಗೆ ಪ್ರತ್ಯೇಕ ನಮೂನೆ ಮಾಡಿಬಿಡಲು ನಮ್ಮ ಹೆಡ್ ಕ್ಲಾರ್ಕರು ಸೂಚಿಸಿದರು. ಇಂದು ಒಂದನ್ನು ಬೇರೆ ಮಾಡಿದರೆ ನಾಳೆ ನಾಲ್ಕೂ ಬೇರೆಯಾಗುತ್ತವೆ, ಆಮೇಲೆ ಹೋಲಿಸಿ ನೋಡಲು ಬಾರದು ಎಂದು ನಾನು ಅಂಜುತ್ತಲೇ ಹೇಳಿದೆ. ಅದರಂತೆ ನಾಲ್ಕೂ ಫೈಲುಗಳಿಗೆ ‘ಉಪವಸತಿ’ ಎಂಬ ಕಾಲಮ್ಮು ಸೇರಿಸಿ, ಅದೇ ನಮೂನೆಯಲ್ಲಿ ಅದಕ್ಕೂ ಸ್ಥಳ ಮಾಡಿದೆ. ಗಂಗಾವತಿಯ ಕ್ಯಾಂಪುಗಳು ಸಾಲಾಗಿ ಮೂಡಿದವು. ಉಳಿದ ಮೂರು ವರದಿಗಳಲ್ಲಿ ಆ ಸ್ಥಳ ಬರಿದಾಗಿ ಕಾಣುತ್ತಿತ್ತು.

“ಇಷ್ಟು ಖಾಲಿ ಬಿಟ್ರ ಸಾಹೇಬ್ರು ಏನಂತಾರ?” ಎಂದು ಹೆಡ್ ಕ್ಲಾರ್ಕರು ಚಿಂತಿಸಿದರು.

ಉತ್ತರ, ತಮ್ಮ ತಾಲೂಕಿನ ಹಾಳೆಗಳನ್ನು ನೋಡಲು ಬಂದಿದ್ದ ಕುಷ್ಟಗಿಯ ಗುಮಾಸ್ತರಿಂದ ಬಂತು. “ಖಾಲಿ ಯಾಕ್ರಿ? ನಮ್ಮ ಲಂಬಾಣಿ ತಾಂಡಾಗಳನ್ನ ಹಾಕ್ರಿ ಅಲ್ಲಿ. ಇಷ್ಟು ದಿನ ಅವನ್ನ ಎಲ್ಲಿ ಬರಿಬೇಕಂತ ನಮಗೂ ತಿಳಿದಿದ್ದಿಲ್ಲ.”

ಯಲಬುರ್ಗಾದ ತಾಂಡಾಗಳ ಹೆಸರುಗಳೂ ಮರುದಿನದ ಬಸ್ಸಿಗೆ ಬಂದವು. ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದ ಹೊಸ ಓಣಿಗಳನ್ನು ಹೆಡ್ ಕ್ಲಾರ್ಕರೇ ನನ್ನ ಪಕ್ಕ ಕುಳಿತು ಒಂದೊಂದಾಗಿ ಹೇಳಿ ತುಂಬಿಸಿದರು.

ನಮ್ಮ ಕಚೇರಿಯಲ್ಲಿಯೇ ನಡೆದ ಸಭೆಯಲ್ಲಿ ಸಾಹೇಬರು ನಾಲ್ಕೂ ವರದಿಗಳನ್ನು ಪಕ್ಕಪಕ್ಕದಲ್ಲಿ ಹರಡಿಕೊಂಡು ಬಹಳ ಹೊತ್ತು ನೋಡಿದರು. ಹೊರಡುವಾಗ ಕಂಪ್ಯೂಟರಿನ ಬಳಿ ನಿಂತು ಅದರ ಮೇಲೆ ಬೆರಳೆಳೆದು ನೋಡಿದರು.

“ಧೂಳು ಭಾಳ ಐತಿ ಇಲ್ಲಿ. ಇದಕ್ಕೊಂದು ಗವಸಣಿಗಿ ಹೊಲಿಸ್ರಿ.”

ಅಂದು ಮಧ್ಯಾಹ್ನವೇ ದರ್ಜಿಯನ್ನು ಕರೆಸಿ ಯಂತ್ರದ ಅಳತೆ ತೆಗೆಸಿದೆ. ಬಹಳ ವರ್ಷ ಬಾಳುವಂಥ ದಪ್ಪ ಬಟ್ಟೆಯಲ್ಲಿ ಹೊಲಿಯಬೇಕೆಂದು ಅವರನ್ನು ವಿಶೇಷವಾಗಿ ವಿನಂತಿಸಿಕೊಂಡೆ.